ತೆರೆಯ ಹಿಂದಿನ ಹಮಾಲಿ

ಕಡಲೆಕಾಯಿ ಧಾರಣೆ, ಗಿರಣಿಯ ಬೋನಸ್ಸು, ಸಂತೆಯ ಸುಂಕ, ಬತ್ತಿದ ಕೊಳವೆಬಾವಿ – ಇಷ್ಟು ಸಂಕಟಗಳು ಕಣ್ಣೆದುರಿಗೆ ಇರುವಾಗ, ಹುಡುಗರು ಕಂಪ್ಯೂಟರಿನಲ್ಲಿ ಆಡುವ ಒಂದು ಆಟದ ವಿಷಯವಾಗಿ ಈ ವಾರ ಬರೆಯಲು ಕುಳಿತಿದ್ದೇವೆ. ವಾಚಕರಲ್ಲಿ ಕೆಲವರು ಹುಬ್ಬೇರಿಸುವರು. ಇವರಿಗೆ ಬೇರೆ ಕೆಲಸವಿಲ್ಲವೆ ಎಂದು ಕೇಳುವರು. ಕೇಳಲಿ. ಆದರೆ ಕೊನೆಯ ಸಾಲಿನವರೆಗೂ ಓದಿ ಆಮೇಲೆ ಕೇಳಲಿ ಎಂಬುದಷ್ಟೇ ನಮ್ಮ ಅರಿಕೆ.

ವಿಷಯ ಹುಟ್ಟಿದ್ದು ಹೀಗೆ. ಸಿರಾದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ಮಿತ್ರರೊಬ್ಬರು ಬಂದು, "ಮಗ ಬೆಂಗಳೂರಿನಲ್ಲಿ ಓದುತ್ತಾನೆ. ರಜೆಗೆ ಮನೆಗೆ ಬಂದರೆ ರಾತ್ರಿಯೆಲ್ಲ ಒಂದೇ ಆಟ. ಅದರಿಂದ ಹೊರಡುವ ಸದ್ದೋ, ಕಡಲೆಕಾಯಿ ಸುಲಿಯುವ ಯಂತ್ರಕ್ಕೆ ಕಲ್ಲು ಸಿಕ್ಕಿಕೊಂಡ ಹಾಗೆ! ಇಂಥದ್ದನ್ನು ಖಂಡಿಸಿ ನೀವು ಬರೆಯಬಾರದೆ?" ಎಂದರು. ಬರೆಯುವ ಮೊದಲು ನೋಡಬೇಕಲ್ಲ? ಎರಡು ಸಂಜೆ ಆ ಹುಡುಗನ ಪಕ್ಕದಲ್ಲಿ ಕುಳಿತು ನೋಡಿದೆವು. ಖಂಡಿಸಲು ಹೋದವರು ಬೇರೆಯೇ ಯೋಚನೆ ಹೊತ್ತು ಮನೆಗೆ ಬಂದೆವು.

ಮೊದಲು ತಂದೆತಾಯಿಗಳ ಭಯವನ್ನು ನಿವಾರಿಸೋಣ. ಇದು ದುಡ್ಡು ಕಟ್ಟಿ ಆಡುವ ಜೂಜಲ್ಲ. ಮೊಬೈಲಿನಲ್ಲಿ ಹಣ ಕಟ್ಟಿಸಿ ಮನೆ ಮುರಿಯುವ ಆಟಗಳ ಪಂಗಡವೇ ಬೇರೆ; ಅವನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿತು. ನಾವು ನೋಡಿದ್ದು ಒಮ್ಮೆ ಕೊಂಡರೆ ಮುಗಿಯಿತೆನ್ನುವ ಆಟ. ಅದರಲ್ಲಿ ಒಂದು ಕಥೆಯಿದೆ. ಕಥೆಯ ನಾಯಕನನ್ನು ಆಡುವವನೇ ನಡೆಸುತ್ತಾನೆ. ಹೆಸರು 'ಬ್ರೂಟಲ್ ಲೆಜೆಂಡ್'. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಡಬಲ್ ಫೈನ್ ಎಂಬ ಸಂಸ್ಥೆಯಲ್ಲಿ ಟಿಮ್ ಶೇಫರ್ ಎಂಬವರ ಮುಂದಾಳುತನದಲ್ಲಿ ತಯಾರಾಗಿ 2009ರ ಅಕ್ಟೋಬರ್ 13ರಂದು ಹೊರಬಂದಿತು. 2013ರಲ್ಲಿ ಸಾಧಾರಣ ಕಂಪ್ಯೂಟರಿಗೂ ಬಂತು. ಹೊಡೆದಾಟ ಬಡಿದಾಟ ಹೇರಳವಾಗಿದೆ. ಹದಿನೇಳು ವರ್ಷಕ್ಕೆ ಕೆಳಗಿನವರಿಗೆ ತಕ್ಕುದಲ್ಲವೆಂದು ಅಲ್ಲಿಯೇ ಗುರುತು ಹಾಕಿದ್ದಾರೆ. ರಕ್ತವನ್ನೂ ಬೈಗುಳವನ್ನೂ ಮರೆಮಾಡಬೇಕೆ ಎಂದು ಆಟವೇ ಆರಂಭದಲ್ಲಿ ಕೇಳುತ್ತದೆ. ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಡಬೇಡಿ. ಇಷ್ಟು ಹೇಳಿದ ಮೇಲೆ ಕಥೆಗೆ ಬರೋಣ.

ಕಥಾನಾಯಕನ ಹೆಸರು ಎಡ್ಡಿ ರಿಗ್ಸ್. ಅವನು ರಾಜಕುಮಾರನಲ್ಲ, ಪೊಲೀಸ್ ಅಧಿಕಾರಿಯಲ್ಲ, ಹಾಡುಗಾರನೂ ಅಲ್ಲ. ಅವನು ರೋಡಿ. ಊರೂರು ತಿರುಗುವ ಸಂಗೀತ ತಂಡದ ಪೆಟ್ಟಿಗೆ ಹೊರುವವನು, ರಂಗ ಕಟ್ಟುವವನು, ದೀಪ ಏರಿಸುವವನು, ತಂತಿ ಕಿತ್ತರೆ ಹಾಕಿಕೊಡುವವನು. ನಮ್ಮ ಮಾತಿನಲ್ಲಿ ಹೇಳುವುದಾದರೆ ರಂಗದ ಹಮಾಲಿ. ಹಾಡುವವರು ಕುಣಿಯುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಇವನು ತೆರೆಯ ಹಿಂದೆ ನಿಂತಿರುತ್ತಾನೆ. ಒಂದು ದಿನ ಕಟ್ಟಿದ ರಂಗಸಜ್ಜು ಕುಸಿಯುತ್ತದೆ. ಹಾಡುಗಾರ ಹುಡುಗನನ್ನು ಉಳಿಸಲು ಹೋಗಿ ಎಡ್ಡಿ ಅದರಡಿ ಸಿಕ್ಕುತ್ತಾನೆ. ಅವನ ರಕ್ತದ ಹನಿ ಸೊಂಟದ ಪಟ್ಟಿಯ ಬಿಲ್ಲೆಯ ಮೇಲೆ ಬೀಳುತ್ತದೆ. ಬೆಂಕಿಯ ಮೃಗವೊಂದು ಎದ್ದು ಅವನನ್ನು ಬೇರೊಂದು ಲೋಕಕ್ಕೆ ಒಯ್ಯುತ್ತದೆ.

ಆ ಲೋಕವನ್ನು ಕಟ್ಟಿರುವುದು ಹೆವಿ ಮೆಟಲ್ ಎಂಬ ಸಂಗೀತದ ತಟ್ಟೆಗಳ ಹೊದಿಕೆಯ ಮೇಲಿನ ಚಿತ್ರಗಳಿಂದ. ಬಂಡೆಗಳು, ಕಬ್ಬಿಣದ ಗೋಪುರಗಳು, ಗುಡ್ಡದಂತೆ ಎದ್ದ ಧ್ವನಿಪೆಟ್ಟಿಗೆಗಳು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಮೋಡ ಕವಿದ ಸಂಜೆ ನೋಡಿದವರಿಗೆ ಅದರ ಕಲ್ಪನೆ ಕಷ್ಟವಲ್ಲ. ಅಲ್ಲಿನ ಮನುಷ್ಯರು ದೆವ್ವಗಳ ಚಕ್ರವರ್ತಿಯೊಬ್ಬನ ಅಡಿಯಾಳುಗಳು. ಆದರೆ ಚಕ್ರವರ್ತಿ ದೂರದಲ್ಲಿದ್ದಾನೆ. ಅವನ ಪರವಾಗಿ ಜನರನ್ನು ಹಿಂಡುವವನು ಮನುಷ್ಯರಲ್ಲೇ ಒಬ್ಬ ಸೇನಾಪತಿ, ಕೂದಲು ಬೆಳೆಸಿದ ಶೋಕಿಗಾರ. 1687ರಲ್ಲಿ ಮೊಗಲರು ಸಿರಾವನ್ನು ಸುಬೆಯ ಕೇಂದ್ರ ಮಾಡಿಕೊಂಡ ಕಥೆ ಬಲ್ಲ ನಮ್ಮ ಸೀಮೆಯವರಿಗೆ, ಮೇಲೆ ಒಬ್ಬ ಬಾದಶಹ, ಕೆಳಗೆ ಅವನಿಗಾಗಿ ಕಪ್ಪ ಎತ್ತುವವರು ಎಂಬ ಏರ್ಪಾಡು ಹೊಸದೇನೂ ಅಲ್ಲ. ಆ ಸೇನಾಪತಿಯ ಗಣಿಯಲ್ಲಿ ಹದಿಹರೆಯದ ಹುಡುಗರು ತಮ್ಮ ತಲೆಯನ್ನೇ ಬಂಡೆಗೆ ಬಡಿದು ಕಲ್ಲು ಒಡೆಯುತ್ತಿದ್ದಾರೆ. ಅವರಿಗೆ ಗುದ್ದಲಿಯನ್ನೂ ಕೊಟ್ಟಿಲ್ಲ! ಎಡ್ಡಿ ಮೊದಲು ಬಿಡಿಸುವುದೇ ಅವರನ್ನು. ಅವರೇ ಅವನ ಮೊದಲ ಪಡೆ.

ಯುದ್ಧದ ಏರ್ಪಾಡಿನಲ್ಲಿಯೂ ಒಂದು ಸ್ವಾರಸ್ಯವಿದೆ. ಎರಡು ಪಕ್ಷಕ್ಕೂ ಒಂದೊಂದು ರಂಗಸ್ಥಳ. ಎದುರಾಳಿಯ ರಂಗವನ್ನು ಮುರಿದವನು ಗೆದ್ದ. ಪಡೆ ಕಟ್ಟಲು ಬೇಕಾದ್ದು ಚಿನ್ನವಲ್ಲ, ಅಭಿಮಾನಿಗಳು. ಅಭಿಮಾನಿಗಳನ್ನು ಸೆಳೆಯಲು ಬಯಲಿನಲ್ಲಿ ಅಲ್ಲಲ್ಲಿ ಅಂಗಿ ಮಾರುವ ಮಳಿಗೆ ಹಾಕಬೇಕು. ಜಾತ್ರೆಯಲ್ಲಿ ಯಾವ ಮೂಲೆಗೆ ಅಂಗಡಿ ಹಾಕಿದರೆ ಜನ ಸೇರುವರು ಎಂಬ ಲೆಕ್ಕ ಬಲ್ಲ ನಮ್ಮ ಸಣ್ಣ ವ್ಯಾಪಾರಿ ಈ ಯುದ್ಧವನ್ನು ಯಾವ ಕಾಲೇಜು ಹುಡುಗನಿಗಿಂತಲೂ ಬೇಗ ಗೆಲ್ಲುವನೆಂದು ನಮಗೆ ತೋರಿತು. ಪಡೆಯಲ್ಲಿ ನಾನಾ ಬಗೆಯವರಿದ್ದಾರೆ. ಅವರಲ್ಲಿ ರೋಡಿಗಳ ತುಕಡಿಯೂ ಒಂದು. ಭಾರದ ಧ್ವನಿಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ಶತ್ರುವಿನ ಕೋಟೆಯ ಬಾಗಿಲಿಗೆ ನಡೆದು ಹೋಗುವುದು ಅವರ ಕೆಲಸ. ಶತ್ರುವಿಗೆ ಅವರು ಕಾಣುವುದೇ ಇಲ್ಲ! ಮಾಯಾವಿದ್ಯೆಯೇನೂ ಬೇಕಿಲ್ಲ, ಹಮಾಲಿಯನ್ನು ಯಾರು ತಾನೆ ಕಣ್ಣೆತ್ತಿ ನೋಡುತ್ತಾರೆ?

ಇದನ್ನು ಕಂಡ ಕ್ಷಣ ನಾವು ನಕ್ಕೆವು, ಮರುಕ್ಷಣ ಸುಮ್ಮನಾದೆವು. ಏಕೆಂದರೆ ಇದು ನಮ್ಮ ಊರಿನ ಕಥೆ.

ನಮ್ಮದು ನಾಟಕದ ಜಿಲ್ಲೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿಯನ್ನು ವೀರಣ್ಣನವರು ನಾಡಿನ ಹೆಮ್ಮೆಯಾಗಿ ಬೆಳೆಸಿದರು. 1934ರ ಅವರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ಇಂದಿಗೂ ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಪೌರಾಣಿಕ ನಾಟಕ ಆಗಲೇಬೇಕು. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನ ಪಾತ್ರಕ್ಕೆ ಇಷ್ಟು ಎಂದು ಹಣ ಕೊಟ್ಟು ವೇಷ ಕಟ್ಟುತ್ತಾರೆ. ಅವರ ಹೆಸರು ಭಾವಚಿತ್ರ ಸಮೇತ ಕರಪತ್ರದಲ್ಲಿ ಬರುತ್ತದೆ. ಒಳ್ಳೆಯದೇ. ಆದರೆ ಲಾರಿಯಿಂದ ಸೀನರಿ ಇಳಿಸಿದವನ ಹೆಸರು? ಗಳು ನೆಟ್ಟವನು? ಮಳೆ ಹನಿಯುವಾಗ ಹಸಿ ಕಂಬ ಹತ್ತಿ ತಂತಿ ಎಳೆದವನು? ಬೆಳಗಿನ ಜಾವ ದುರ್ಯೋಧನನ ತೊಡೆ ಮುರಿದು ಊರೆಲ್ಲ ಮನೆಗೆ ಹೋದ ಮೇಲೆ, ಅದೇ ಸೀನರಿಯನ್ನು ಮತ್ತೆ ಲಾರಿಗೆ ಏರಿಸಿ ಮುಂದಿನ ಊರಿಗೆ ಹೊರಡುವವನು? ಜಾತ್ರೆಯಲ್ಲಿ ತಮಟೆ, ಅರೆವಾದ್ಯ ಬಾರಿಸುವವರ ಗತಿಯನ್ನೂ ನೆನೆಯಿರಿ. ದೇವರು ಹೊರಡಬೇಕಾದರೆ ಅವರ ಸದ್ದು ಬೇಕು. ಆದರೆ ಗುಡಿಯ ಹೊಸ್ತಿಲು ಅವರಿಗಲ್ಲವೆಂದು ಬಹುಕಾಲ ಹೇಳಿಕೊಂಡು ಬಂದೆವು. ಸದ್ದು ಬೇಕು, ಸದ್ದು ಮಾಡುವವನು ಬೇಡ!

ಸದ್ದು ಎಂದೆವು. ಸಿರಾದ ನಮ್ಮ ಮಿತ್ರರನ್ನು ಕೆರಳಿಸಿದ ಆ ಸದ್ದು ಎಲ್ಲಿ ಹುಟ್ಟಿತೆಂದು ಗಿರಣಿಯ ಬಂಧುಗಳು ತಿಳಿಯತಕ್ಕದ್ದು. ಅದು ಹುಟ್ಟಿದ್ದು ಕಾರ್ಖಾನೆಯಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1965ರಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅಂದು ಅವನ ಕೆಲಸದ ಕೊನೆಯ ದಿನ. ಒತ್ತುಯಂತ್ರದ ಮೇಲೆ ಇರಬೇಕಾದವರು ಬಂದಿರಲಿಲ್ಲವೆಂದು, ಪಳಗದ ಇವನನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ತಿಂದುಹಾಕಿತು. ಗಿಟಾರು ನುಡಿಸುವ ಹುಡುಗ, ಎಡಚ. ತಂತಿ ಒತ್ತಬೇಕಾದ ಬೆರಳುಗಳೇ ಹೋದವು. ಎಲ್ಲ ಮುಗಿಯಿತೆಂದು ಕುಳಿತವನ ಮನೆಗೆ ಕಾರ್ಖಾನೆಯ ಮೇಸ್ತ್ರಿಯೇ ಒಂದು ತಟ್ಟೆ ತಂದು ಕೇಳಿಸಿದ. ಬೆಂಕಿಯಲ್ಲಿ ಎಡಗೈ ಸುಟ್ಟು ಎರಡೇ ಬೆರಳಿನಿಂದ ನುಡಿಸುತ್ತಿದ್ದ ಜಾಂಗೋ ರೈನ್‌ಹಾರ್ಟ್ ಎಂಬವನ ಗಿಟಾರು ಅದು. ಹುಡುಗ ಎದ್ದ. ಪ್ಲಾಸ್ಟಿಕ್ ಸೀಸೆ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಬಿಗಿ ತಂತಿ ಒತ್ತಲಾಗದೆಂದು ತೆಳು ತಂತಿ ಹಾಕಿದ. ಮುಂದೆ ಶ್ರುತಿಯನ್ನೇ ಕೆಳಗಿಳಿಸಿದ. ತಗ್ಗಿದ ಶ್ರುತಿಯಿಂದ ಭಾರವಾದ, ಗುಡುಗಿನಂಥ ನಾದ ಹೊರಟಿತು. ಅವನ ತಂಡ ಬ್ಲ್ಯಾಕ್ ಸಬತ್. ಮೊದಲ ತಟ್ಟೆ 1970ರ ಫೆಬ್ರುವರಿಯಲ್ಲಿ ಬಂತು. ಹೆವಿ ಮೆಟಲ್ ಅಲ್ಲಿಂದ ಆರಂಭವಾಯಿತೆಂದು ಬಲ್ಲವರಲ್ಲಿ ಹೆಚ್ಚಿನವರ ಮತ.

ಆ ತಂಡದ ಹಾಡುಗಾರ ಓಝಿ ಆಸ್‌ಬೋರ್ನ್ ಕೂಡ ಕಾರ್ಮಿಕರ ಮನೆಯ ಮಗ. ಹಾಡಿಗೆ ಮುನ್ನ ಕಸಾಯಿಖಾನೆಯಲ್ಲಿ ದುಡಿದವರು. ಈ ಆಟದಲ್ಲಿ ಎಡ್ಡಿಗೆ ಆಯುಧ ತಿದ್ದಿಕೊಡುವ ಪಾತ್ರಕ್ಕೆ ದನಿ ಕೊಟ್ಟವರೂ ಅವರೇ. 2025ರ ಜುಲೈ 5ರಂದು ತಾವು ಬೆಳೆದ ಪೇಟೆಯಲ್ಲಿ ಹಳೆಯ ಸಂಗಡಿಗರೊಂದಿಗೆ ಕೊನೆಯ ಬಾರಿ ಹಾಡಿ, ಅದೇ ತಿಂಗಳು 22ರಂದು ತೀರಿಕೊಂಡರು. ಗಿರಣಿಯ ಗದ್ದಲದಲ್ಲಿ ಕಿವಿ ಸವೆಸಿಕೊಂಡವರಿಗೆ ಈ ನಾದ ಹಿಡಿಸಲೇಬೇಕೆಂದು ನಾವು ಹೇಳುವುದಿಲ್ಲ. ನಮಗೂ ಪೂರ್ತಿ ಹಿಡಿಸಲಿಲ್ಲ. ಆದರೆ ಇದು ಕೊಬ್ಬಿದವರ ಕಿರುಚಾಟವೆಂದು ತಳ್ಳುವ ಮುನ್ನ, ಯಂತ್ರಕ್ಕೆ ಬೆರಳು ಕೊಟ್ಟ ಹುಡುಗನನ್ನು ನೆನೆಯಿರಿ. ನಮ್ಮ ಎಣ್ಣೆ ಗಿರಣಿಗಳಲ್ಲಿ ಬೆರಳು ಕಳೆದುಕೊಂಡವರು ಇಲ್ಲವೆ?

ಇಷ್ಟು ಮೆಚ್ಚಿದ ಮೇಲೆ ನಮ್ಮ ಜಗಳವನ್ನೂ ಹೇಳಬೇಕು. ಎಡ್ಡಿ ಪಡೆ ಕಟ್ಟುತ್ತಾನೆ, ರಥ ಕಟ್ಟುತ್ತಾನೆ, ಚಕ್ರವರ್ತಿಯನ್ನು ಕೊಲ್ಲುತ್ತಾನೆ. ಆದರೆ ಮೊದಲಿನಿಂದ ಕೊನೆಯವರೆಗೂ ಅವನ ಧರ್ಮ ಒಂದೇ: ರೋಡಿಯ ಕೆಲಸ ಪರರನ್ನು ಮೆರೆಸುವುದು; ತಾನು ಬೆಳಕಿಗೆ ಬರಬಾರದು. ಗೆಲುವು ಬಂದಾಗಲೂ ನೆರಳಿಗೆ ಸರಿದು ನಿಲ್ಲುತ್ತಾನೆ. ಇದು ಸೊಗಸಾದ ವಿನಯ, ಸಂದೇಹವಿಲ್ಲ. ಆದರೆ ಈ ವಿನಯದ ಪಾಠ ಯಾರಿಗೆ ಹಿತ? ಧಣಿಗೆ! "ನಮ್ಮ ಆಳು ಬಂಗಾರದಂಥವನು, ಬಾಯಿ ಬಿಟ್ಟು ಏನೂ ಕೇಳುವುದಿಲ್ಲ" ಎಂಬ ಹೊಗಳಿಕೆಯನ್ನು ಎಷ್ಟು ಗಿರಣಿಗಳ ಅಂಗಳದಲ್ಲಿ ಕೇಳಿಲ್ಲ ನಾವು! ವಿನಯ ಆಳಿನ ಗುಣವಿರಬಹುದು. ಕೂಲಿ, ರಕ್ಷಣೆ, ಹೆಸರು ಇವು ಅವನ ಹಕ್ಕು. ಗುಣವನ್ನು ಹೊಗಳಿ ಹಕ್ಕನ್ನು ನುಂಗುವುದು ಹಳೆಯ ಕೈಚಳಕ. ಕುಸಿದ ರಂಗದಡಿ ಸಿಕ್ಕ ಎಡ್ಡಿಯ ಮನೆಗೆ ಪರಿಹಾರ ಹೋಯಿತೆ? ಕಥೆ ಹೇಳುವುದಿಲ್ಲ.

ಕಥೆ ಹೇಳದಿದ್ದರೂ ಆಟ ಹುಟ್ಟಿದ ಬಗೆ ಹೇಳುತ್ತದೆ. ಇದನ್ನು ಮಾರಬೇಕಾಗಿದ್ದ ಕಂಪನಿ 2008ರಲ್ಲಿ ಆಕ್ಟಿವಿಷನ್ ಎಂಬ ದೊಡ್ಡ ಕಂಪನಿಯೊಂದಿಗೆ ಸೇರಿತು. ಹೊಸ ಧಣಿಗಳು ಈ ಆಟವನ್ನು ಕೈಬಿಟ್ಟರು. ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಇನ್ನೊಂದು ಕಂಪನಿ ಎತ್ತಿಕೊಂಡಾಗ, ಬಿಟ್ಟವರೇ 2009ರ ಜೂನ್‌ನಲ್ಲಿ ನ್ಯಾಯಾಲಯಕ್ಕೆ ಹೋದರು! ಕೊನೆಗೆ ಹೊರಗೇ ರಾಜಿಯಾಯಿತು. ಎರಡನೆಯ ಭಾಗವನ್ನು ಆರಂಭಿಸಿದ್ದರು. ಅದನ್ನೂ ಮಾರಾಟದ ಕಂಪನಿ ನಿಲ್ಲಿಸಿತು. ಆಗ ಡಬಲ್ ಫೈನಿನವರು ಸಣ್ಣ ಸಣ್ಣ ತಂಡಗಳಾಗಿ ಒಡೆದು ಸಣ್ಣ ಆಟಗಳನ್ನು ಮಾಡಿ ಅನ್ನ ಉಳಿಸಿಕೊಂಡರು. 2012ರಲ್ಲಿ ಧಣಿಗಳ ಸಹವಾಸವೇ ಬೇಡವೆಂದು ನೇರವಾಗಿ ಆಟಗಾರರ ಮುಂದೆ ಜೋಳಿಗೆ ಹಿಡಿದರು. 87 ಸಾವಿರಕ್ಕೂ ಹೆಚ್ಚು ಮಂದಿ ತಲಾ ಅಷ್ಟಿಷ್ಟು ಹಾಕಿ 33 ಲಕ್ಷ ಡಾಲರ್ ಕೂಡಿಸಿಕೊಟ್ಟರು. ಊರೊಟ್ಟಿನ ಚಂದಾ ಎತ್ತಿ ನಾಟಕ ಆಡಿಸುವ ನಮಗೆ ಇದು ಅರ್ಥವಾಗುವ ಮಾತು. ಆದರೂ 2019ರ ಜೂನ್‌ನಲ್ಲಿ ಆ ಸಂಸ್ಥೆ ಮೈಕ್ರೋಸಾಫ್ಟಿನ ಪಾಲಾಯಿತು. 2023ರ ಅಕ್ಟೋಬರ್‌ನಲ್ಲಿ ಅದೇ ಮೈಕ್ರೋಸಾಫ್ಟ್ ಆಕ್ಟಿವಿಷನನ್ನೂ ಕೊಂಡಿತು. ಕೈಬಿಟ್ಟವರೂ ಕೈಬಿಡಿಸಿಕೊಂಡವರೂ ಒಂದೇ ಜೇಬಿನಲ್ಲಿ! ಮೂರು ತಿಂಗಳಲ್ಲಿ, 2024ರ ಜನವರಿಯಲ್ಲಿ, ಆಟಗಳ ವಿಭಾಗದ 1,900 ಮಂದಿ ಕೆಲಸ ಕಳೆದುಕೊಂಡರು.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಆ ರಂಗದ ಹಮಾಲಿಗಳು ಈಗ ಬೆಂಗಳೂರಿನಲ್ಲಿದ್ದಾರೆ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಎಂಬ ಹೆವಿ ಮೆಟಲ್ ತಂಡಗಳು ಬೆಂಗಳೂರು ಅರಮನೆ ಮೈದಾನದಲ್ಲಿ ಹಾಡಿದ್ದನ್ನು ಪತ್ರಿಕೆಗಳು ಮುಖಪುಟದಲ್ಲಿ ಕೊಂಡಾಡಿದವು. ಅದಕ್ಕೂ ಬಹಳ ಮುಂಚೆ, 1997ರಲ್ಲೇ, ಅದೇ ಊರಿನಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಮುಂದೆ ಹೊರದೇಶದ ಆಟಗಳಿಗೆ ಚಿತ್ರ ಬರೆದುಕೊಡುವ ಕೆಲಸಕ್ಕೆ ಕೈಹಾಕಿದ್ದು ಎಷ್ಟು ಮಂದಿಗೆ ಗೊತ್ತು? ಪರದೆಯ ಮೇಲಿನ ಕಾರು, ಮರ, ಗೋಡೆ, ಬಂಡೆ ಇವನ್ನೆಲ್ಲ ಒಂದೊಂದಾಗಿ ಕೆತ್ತುವ ಕೆಲಸ ಅದು. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಎಂಬ ವಿದೇಶಿ ಕಂಪನಿ ಕೊಂಡಿತು. ಈ ಕಸುಬಿನಲ್ಲಿ ಇಂದು ಸಾವಿರಗಟ್ಟಲೆ ಹುಡುಗ ಹುಡುಗಿಯರಿದ್ದಾರೆ; ನಮ್ಮ ನಾಲ್ಕು ತಾಲ್ಲೂಕಿನಿಂದ ಬಸ್ಸು ಹತ್ತಿದವರೂ ಇರಬೇಕಲ್ಲ? ಆಟದ ಕೊನೆಯಲ್ಲಿ ಹೆಸರುಗಳ ಪಟ್ಟಿ ಓಡುತ್ತದೆ. ಹೊರಗುತ್ತಿಗೆಯವರ ಸರದಿ ಬಂದಾಗ ಹಲವು ವೇಳೆ ಕಂಪನಿಯ ಹೆಸರಷ್ಟೇ ಇರುತ್ತದೆ. ಕೆತ್ತಿದವನ ಹೆಸರು ಇರುವುದಿಲ್ಲ. ಕರಪತ್ರದಲ್ಲಿ ಸೀನರಿಯವನ ಹೆಸರಿಲ್ಲದ ಹಾಗೆಯೇ.

ಹೆಸರಿನ ಮಾತು ಅದಂತಿರಲಿ, ಕಾಯಿದೆಯ ನೆರಳಾದರೂ ಉಂಟೆ? 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆ ದೊಡ್ಡ ಗಿರಣಿಗಳಲ್ಲಿ ದುಡಿದವರಿಗೆ ಗೊತ್ತು. ಕೆಲಸದ ವೇಳೆ ಎಷ್ಟು, ರಜೆ ಎಷ್ಟು, ಯಾವ ತಪ್ಪಿಗೆ ಯಾವ ವಿಚಾರಣೆ, ಹೇಗೆ ತೆಗೆಯಬಹುದು – ಇದನ್ನೆಲ್ಲ ಮಾಲೀಕ ಬರೆದು ಗೋಡೆಗೆ ಅಂಟಿಸಬೇಕೆಂಬ ಕಾಯಿದೆ ಅದು. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಉದ್ಯಮಕ್ಕೆ ಅದರಿಂದ ಐದು ವರ್ಷ ವಿನಾಯಿತಿ ಕೊಟ್ಟಿತು. ಆ ಪಟ್ಟಿಯಲ್ಲಿ ಅನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಎಂದು ಹೆಸರು ಹಿಡಿದು ಸೇರಿಸಿತ್ತು. ದೂರು ಕೇಳಲು ಸಮಿತಿ ಇರಬೇಕೆಂಬಂಥ ಕೆಲವು ಷರತ್ತು ಹಾಕಿದ್ದು ನಿಜ. 2019ರಲ್ಲಿ ಮತ್ತೆ ವಿನಾಯಿತಿ, 2024ರಲ್ಲಿ ಮತ್ತೆ. 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆಯೇ ಇಲ್ಲವಾಯಿತು. ಹೊಸ ಸಂಹಿತೆಯಲ್ಲಿ ಮುನ್ನೂರಕ್ಕಿಂತ ಕಡಮೆ ಕೆಲಸಗಾರರಿರುವ ಕಡೆ ಸ್ಥಾಯಿ ಆದೇಶದ ಕಟ್ಟಳೆ ಇಲ್ಲ. ಗೇಮಿಂಗ್ ಹುಡುಗನಿಗೆ ತೆರೆದ ಬಾಗಿಲಿನಿಂದಲೇ ಗಿರಣಿ ಕಾರ್ಮಿಕನನ್ನೂ ಹೊರಗೆ ತಳ್ಳಿದರೆಂಬುದು ಈಗಲಾದರೂ ತಿಳಿಯಿತಲ್ಲ?

ಫಲ ಕಣ್ಣೆದುರಿಗಿದೆ. 2025ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಸಂಸ್ಥೆ ಕುಸಿದಾಗ, ಸಿನಿಮಾ, ಅನಿಮೇಷನ್, ಆಟ ಇವುಗಳಿಗೆ ದುಡಿಯುತ್ತಿದ್ದ ಬೆಂಗಳೂರಿನ ಅದರ ಕಚೇರಿಯೂ ಬಾಗಿಲು ಹಾಕಿತು. ರಂಗ ಕುಸಿದದ್ದು ಪ್ಯಾರಿಸ್ಸಿನಲ್ಲಿ, ಅಡಿಗೆ ಸಿಕ್ಕಿದವರು ಇಲ್ಲಿನ ಹಮಾಲಿಗಳು. ಅವರ ಪರವಾಗಿ ದನಿ ಎತ್ತಿದ್ದು ಐಟಿ ನೌಕರರ ಸಂಘವಾದ ಕಿಟು. ಕೊರಳಿಗೆ ಬಿಲ್ಲೆ ಹಾಕಿಕೊಂಡವರು ಸಂಘ ಕಟ್ಟುವರೆ ಎಂದು ನಗುತ್ತಿದ್ದ ಕಾಲದಲ್ಲಿ, 2017ರಲ್ಲಿ, ಅವರು ಅದನ್ನು ಕಟ್ಟಿದರು. ಅಮೆರಿಕದಲ್ಲಿಯೂ ಆಟಗಳಿಗೆ ದನಿ ಕೊಡುವ ಕಲಾವಿದರು, ಯಂತ್ರ ತಮ್ಮ ದನಿಯನ್ನು ಕದಿಯಬಾರದೆಂದು 2024ರ ಜುಲೈ 26ರಂದು ಮುಷ್ಕರ ಹೂಡಿ, ಮುಂದಿನ ವರ್ಷ ಒಪ್ಪಂದ ಪಡೆದೇ ಕೆಲಸಕ್ಕೆ ಮರಳಿದರು. ನೆರಳಿನಲ್ಲಿ ನಿಂತರೆ ಸಾಲದೆಂದು ಎಡ್ಡಿಗೆ ಹೇಳಿಕೊಡಬಲ್ಲವರು ಇವರು.

ಪಾವಗಡದವರು ಈ ಮಾತನ್ನು ಬೇಗ ಹಿಡಿಯುವರು. ತಿರುಮಣಿಯ ಸುತ್ತ 13 ಸಾವಿರ ಎಕರೆ ಹೊಲ ಗುತ್ತಿಗೆಗೆ ಹೋಗಿ 2,050 ಮೆಗಾವಾಟಿನ ಸೌರ ವಿದ್ಯುತ್ತು ಅಲ್ಲಿಂದ ಹೊರಡುತ್ತದೆ. ನಗರದಲ್ಲಿ ದೀಪ ಬೆಳಗಿದಾಗ ಅದು ಯಾರ ಹೊಲದ ಬಿಸಿಲು ಎಂದು ಕೇಳುವವರುಂಟೆ? ರೈತನೂ ತೆರೆಯ ಹಿಂದಿನವನೇ.

ಆದಕಾರಣ ಸಿರಾದ ಮಿತ್ರರಿಗೆ ನಮ್ಮ ಉತ್ತರ ಇಷ್ಟೆ. ಮಗನ ಮೇಲೆ ರೇಗಬೇಡಿ. ಓದಿಗೂ ನಿದ್ದೆಗೂ ವೇಳೆ ಗೊತ್ತುಮಾಡಿ, ಉಳಿದ ವೇಳೆಯಲ್ಲಿ ಆಡಲಿ. ಒಂದು ಸಂಜೆ ನೀವೂ ಪಕ್ಕದಲ್ಲಿ ಕುಳಿತು, "ಈ ಪೆಟ್ಟಿಗೆ ಹೊರುವವನಿಗೆ ಸಂಬಳ ಎಷ್ಟಪ್ಪಾ?" ಎಂದು ಕೇಳಿ. ಆಮೇಲೆ "ಈ ಆಟ ಮಾಡಿದವರಿಗೆ?" ಎಂದು ಕೇಳಿ. ನಾಳೆ ಅವನೇ ಆ ಕಸುಬಿಗೆ ಹೋದರೆ, ಒಪ್ಪಿ ರುಜು ಹಾಕುವ ಮುನ್ನ ಕೆಲಸದ ಗಂಟೆ, ಹೆಚ್ಚುವರಿ ದುಡಿಮೆಯ ಕೂಲಿ, ತೆಗೆಯುವ ಕ್ರಮ ಇವು ಬರಹದಲ್ಲಿವೆಯೆ ಎಂದು ನೋಡುವ ಅಭ್ಯಾಸ ಅವನಿಗಿರಲಿ. ಸಂಘದ ಚೀಟಿ ಜೇಬಿನಲ್ಲಿರಲಿ. ಸರ್ಕಾರಕ್ಕೆ ನಮ್ಮ ಒತ್ತಾಯವೂ ಒಂದೇ: ಗೇಮಿಂಗ್ ಉದ್ಯಮಕ್ಕೆ ಜಾಗ, ರಿಯಾಯಿತಿ ಏನು ಕೊಟ್ಟರೂ ಕೊಡಿ; ದುಡಿಯುವವನ ಷರತ್ತು ಬರಹದಲ್ಲಿರಬೇಕೆಂಬ ಕಟ್ಟಳೆಯಿಂದ ವಿನಾಯಿತಿ ಮಾತ್ರ ಬೇಡ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಈ ಸುಗ್ಗಿಯ ನಂತರ ನಿಮ್ಮೂರಿನಲ್ಲಿ ನಾಟಕವಾದರೆ, ಕರಪತ್ರದಲ್ಲಿ ದುರ್ಯೋಧನನ ಹೆಸರಿನ ಕೆಳಗೆ ಗಳು ನೆಟ್ಟವನ ಹೆಸರನ್ನೂ ಅಚ್ಚು ಹಾಕಿಸಿ. ಕಂಬ ಹತ್ತುವವನಿಗೆ ರಬ್ಬರಿನ ಕೈಚೀಲ ಕೊಡಿಸಿ. ಬೆಳಗಿನ ಜಾವ ಲಾರಿ ಹೊರಡುವ ಮುನ್ನ ಅವನ ಕೂಲಿಯನ್ನು ಕೈಗೆ ಎಣಿಸಿಕೊಡಿ.